ಗಾಡಿ ಹತ್ತದ ಕುದುರೆ

ಕುದುರೆ ಕೊಳ್ಳುತ್ತೇನೆ ಎಂದು ಅಕ್ಕ ಹೇಳಿದಾಗ ತಮ್ಮನ ಬಾಯಲ್ಲಿ ತುತ್ತಿತ್ತು. ನುಂಗುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ನೆತ್ತಿಗೆ ಹತ್ತಿಸಿಕೊಂಡ. ಅವನ ಹೆಂಡತಿ ಓಡಿಬಂದು ನೀರು ಕೊಟ್ಟು ತಲೆ ತಟ್ಟಿದಳು. ಕೆಮ್ಮು ನಿಂತು ಕಣ್ಣೊರೆಸಿಕೊಂಡು ನೋಡಿದರೆ ಅಕ್ಕ ನಗುತ್ತಿರಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಅಚ್ಚುಕಟ್ಟಾಗಿ ಮುಗಿಸುತ್ತಿದ್ದಳು.

"ಕುದುರೆ ಅಂದ್ರೆ? ಗೋಡೆಗೆ ತಗಲಿಸೋ ಚಿತ್ರವಾ?"

"ಅಲ್ಲ. ಹುಲ್ಲು ತಿನ್ನೋ ಕುದುರೆ."

ಊರಿಗೆಲ್ಲ ಅವಳು ಲಿಫ್ಟಕ್ಕ. ದೊಡ್ಡಾಸ್ಪತ್ರೆಯ ಲಿಫ್ಟಿನೊಳಗೆ ಒಂದು ಸ್ಟೂಲಿನ ಮೇಲೆ ಕೂತು ಮೂವತ್ತು ವರ್ಷ ಜನರನ್ನು ಹತ್ತಿಸಿ ಇಳಿಸಿದವಳು. ಹುಟ್ಟಿದ ಕೂಸುಗಳನ್ನು ಕೆಳಗೆ ಕರೆತಂದಿದ್ದಳು, ಸತ್ತವರನ್ನೂ ಕರೆತಂದಿದ್ದಳು. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಓದಿಸಿ, ಬಣ್ಣದ ಅಂಗಡಿ ಹಾಕಿಸಿಕೊಟ್ಟು, ಅಂಗಡಿಯ ಮೇಲಿನ ಮನೆಯಲ್ಲಿ ಅವನ ಸಂಸಾರದ ಜೊತೆ ಇದ್ದಳು. ಆಳು ದಪ್ಪ, ದನಿ ದೊಡ್ಡದು, ಮಾತು ಕಡಿಮೆ.

ಆ ಲಿಫ್ಟಿಗೆ ಕಿಟಕಿ ಇರಲಿಲ್ಲ. ಆದರೆ ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರು ಗೋಡೆಯಲ್ಲಿ ಒಂದು ಕಿಟಕಿ ಕಾಣುತ್ತಿತ್ತು. ಕಿಟಕಿಯಾಚೆ ಹೊಳೆ, ಹೊಳೆಯಾಚೆ ಕುದುರೆ ಸವಾರಿ ಶಾಲೆಯ ಬಯಲು. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಅವಳಿಗೆ ಒಮ್ಮೆ ಒಂದು ಬಾಲ, ಒಮ್ಮೆ ಎತ್ತಿದ ಕತ್ತು, ಒಮ್ಮೆ ಎದ್ದ ಧೂಳು ಮಾತ್ರ ಸಿಗುತ್ತಿತ್ತು. ಸ್ಟ್ರೆಚರ್ ಬಂದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತಿತ್ತು. ಹಾಗೆಂದು ಸ್ಟ್ರೆಚರ್ ಬರಲಿ ಎಂದು ಬಯಸುವ ತನ್ನ ಬಗ್ಗೆ ಅವಳಿಗೇ ನಾಚಿಕೆಯಾಗುತ್ತಿತ್ತು. ಇಡೀ ಕುದುರೆ, ತಲೆಯಿಂದ ಬಾಲದವರೆಗೆ, ನಿಧಾನವಾಗಿ ಕಣ್ಣೆದುರು ಹಾದುಹೋದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಒಂದು ದಿನ, ರಜೆಯಲ್ಲಿ, ಸೇತುವೆ ದಾಟಿ ಹೋಗಿ ಬೇಲಿಗೆ ಆನಿಕೊಂಡು ನಿಂತು ನೋಡಿದಳು. ಮರುವಾರವೂ ಹೋದಳು. ಮೂರನೇ ಸಲ ಸವಾರಿ ಕಲಿಸುವ ಹೆಂಗಸು ಬೇಲಿಯ ಹತ್ತಿರ ಬಂದು, "ನೋಡಿದ್ದು ಸಾಕಾಯ್ತಾ? ಇಲ್ಲ ಹತ್ತೀರಾ?" ಎಂದಳು. ಕಡ್ಡಿಯಂಥ ಆ ಹೆಂಗಸನ್ನು ಶಾಲೆಯವರೆಲ್ಲ ಚಾಟಿ ಮೇಡಂ ಎನ್ನುತ್ತಿದ್ದರು. ಕುದುರೆಗೆ ಅವಳು ಚಾಟಿ ಬೀಸಿದ್ದನ್ನು ಕಂಡವರಿಲ್ಲ. ಚಾಟಿ ಇದ್ದದ್ದು ನಾಲಿಗೆಯಲ್ಲಿ.

ಲಿಫ್ಟಕ್ಕ ಹತ್ತಿದಳು. ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಎರಡು ವರ್ಷ ಪ್ರತಿ ರಜೆಯಲ್ಲೂ ಹೋಗಿ ಹತ್ತಿದಳು. ಬಿದ್ದಳು ಕೂಡ. ಬಿದ್ದಾಗ ಬಂದ ಬಾವನ್ನು ಬಚ್ಚಲಲ್ಲಿ ಜಾರಿದ್ದು ಎಂದು ಅವಳು ಹೇಳಿದ್ದಕ್ಕೆ, ತಮ್ಮ ಬಚ್ಚಲಿಗೆ ಹೊಸ ನೆಲ ಹಾಕಿಸುವಂತಾಯಿತು. ಆಮೇಲೆ ಆಸ್ಪತ್ರೆಯವರು ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟ್ ತಂದರು, ಇವಳಿಗೆ ಕೊಡಬೇಕಾದದ್ದನ್ನು ಕೊಟ್ಟು ಕೈಮುಗಿದು ಕಳಿಸಿದರು. ಆ ದುಡ್ಡಿನಿಂದ ಪಕ್ಕದ ಮಳಿಗೆ ಸೇರಿಸಿಕೊಂಡು ಅಂಗಡಿ ಅಗಲ ಮಾಡುವುದು ಎಂದು ತಮ್ಮ ಮನಸ್ಸಿನಲ್ಲೇ ಗೋಡೆ ಒಡೆದು, ಗಿಲಾವು ಮಾಡಿ, ಬಣ್ಣವನ್ನೂ ಬಳಿದು ಮುಗಿಸಿದ್ದ. ಅಕ್ಕನನ್ನು ಕೇಳುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಈ ಕುದುರೆ.

"ಯಾಕೆ ಬೇಕು ಅದು ನಿಂಗೆ?"

"ಬೇಕು, ಅದಕ್ಕೆ."

"ಅದೊಂದು ಕಾರಣಾನಾ? ಗಾಡಿ ಹೂಡ್ತೀಯಾ? ಬಾಡಿಗೆಗೆ ಬಿಡ್ತೀಯಾ? ಏನಾದ್ರೂ ಉಪಯೋಗ ಹೇಳು."

"ಏನೂ ಇಲ್ಲ. ಹತ್ತಿ ಕೂತ್ಕೋತೀನಿ."

"ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೋತಾರೆ?"

"ಆಗ್ಲೇ ಬಿದ್ದಾಯ್ತು. ನಾನೇ ನೋಡ್ಕೊಂಡೆ," ಎಂದು ಅವಳು ಎರಡು ವರ್ಷದ ಗುಟ್ಟನ್ನು ಅಲ್ಲೇ ತಟ್ಟೆಯ ಪಕ್ಕ ಇಟ್ಟು ಕೈ ತೊಳೆಯಲು ಎದ್ದಳು. ತಮ್ಮನಿಗೆ ಬಚ್ಚಲಿನ ನೆಲ ನೆನಪಾಗಿ ಇನ್ನಷ್ಟು ಉರಿಯಿತು.

ಒಂದು ವಾರ ಅವನು ಬೈದ, ಗೋಗರೆದ, ಮುಖ ಊದಿಸಿಕೊಂಡು ಓಡಾಡಿದ. ಅಕ್ಕ ಜಗ್ಗಲಿಲ್ಲ. ತಡೆಯಲಾಗದೆ ಹೋದಾಗ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ತಾನೇ ಮುಂದೆ ನಿಂತು ನಡೆಸಿಕೊಡುತ್ತೇನೆ ಎಂದು ಹೊರಟ. "ನಿಂಗೆ ವ್ಯಾಪಾರ ಗೊತ್ತಿಲ್ಲ. ಗಂಡಸು ಪಕ್ಕದಲ್ಲಿದ್ರೆ ಮೋಸ ಮಾಡಲ್ಲ. ನಾನು ಬರ್ತೀನಿ."

ಕುದುರೆ ವ್ಯಾಪಾರಿಯ ಲಾಯ ಊರಿನ ಈ ತುದಿಯಲ್ಲಿ, ಟೈರ್ ಅಂಗಡಿಗಳ ಹಿಂದೆ ಇತ್ತು. ವ್ಯಾಪಾರಿ ಎಣ್ಣೆ ಹಚ್ಚಿದ ಮೀಸೆಯವನು. ಕೊಳ್ಳುವವಳು ಇವಳು ಎಂದು ತಮ್ಮ ಮೊದಲೇ ಹೇಳಿದ್ದರೂ ಅವನ ಮಾತೆಲ್ಲ ತಮ್ಮನ ಜೊತೆಗೇ. "ಸಾರ್, ಅಮ್ಮೋರಿಗೆ ಮೆತ್ತಗಿರೋದೇ ಬೇಕು. ಇದೆ. ಅವ್ರಿಗೋಸ್ಕರವೇ ಹುಟ್ಟಿದಂಗಿದೆ," ಎಂದು ಒಂದು ಬಿಳಿ ಗಂಡು ಕುದುರೆಯನ್ನು ಹೊರಗೆ ತರಿಸಿದ. ನೋಡಲು ಹಾಲಿನ ಹಾಗಿತ್ತು. ತಲೆ ತಗ್ಗಿಸಿ, ರೆಪ್ಪೆ ಇಳಿಬಿಟ್ಟು, ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತಿತು. ತಮ್ಮ ಹೆದರುತ್ತಾ ಬೆನ್ನು ಸವರಿದ. ಅದು ಮಿಸುಕಲಿಲ್ಲ.

"ಅಕ್ಕ, ಹಸು ಕಣೇ ಇದು! ನಾನೇ ಹತ್ತಬಹುದು."

ಲಿಫ್ಟಕ್ಕ ಅದರ ಸುತ್ತ ಬಂದಳು. ಚಾಟಿ ಮೇಡಂ ಹೇಳಿಕೊಟ್ಟಂತೆ ಕತ್ತಿನ ಕೂದಲ ಕೆಳಗೆ ಕೈ ಹಾಕಿದಳು. ಒದ್ದೆ. ಜೀನು ಕಟ್ಟುವ ಪಟ್ಟಿ ಬರುವ ಕಡೆ ಹೊಟ್ಟೆ ಮುಟ್ಟಿದಳು. ಅಲ್ಲೂ ಬೆವರು, ಇನ್ನೂ ಬಿಸಿ. ಬೆಳಿಗ್ಗೆಯಿಂದ ಯಾರೋ ಇದನ್ನು ಬಸವಳಿಯುವವರೆಗೆ ಓಡಿಸಿ, ಸುಸ್ತು ಮಾಡಿ, ಒರೆಸಿ ನಿಲ್ಲಿಸಿದ್ದರು. "ನಾಳೆ ನಾಡಿದ್ದು ನೋಡೋಣ," ಎಂದು ತಿರುಗಿದಳು.

ತಿರುಗಿದರೆ ತಮ್ಮ ವ್ಯಾಪಾರಿಯ ಕೈ ಹಿಡಿದು ಕುಲುಕುತ್ತಿದ್ದ. ಮಾತು ಮುಗಿದಿತ್ತು. ಮುಂಗಡವನ್ನೂ ಕೊಟ್ಟಾಗಿತ್ತು.

"ಏನಿದು?"

"ಕುದುರಿಸಿಬಿಟ್ಟೆ. ನೀನು ಬರೀ ಹತ್ತಿ ಕೂತ್ಕೊಂಡ್ರೆ ಆಯ್ತು."

"ಕೈ ಕೊಟ್ಟೋನು ನೀನು. ಕುದುರೇನೂ ನೀನೇ ಇಟ್ಕೋ," ಎಂದಳು ಲಿಫ್ಟಕ್ಕ, ಆಸ್ಪತ್ರೆಯ ಐದು ಮಹಡಿಗೂ ಕೇಳುತ್ತಿದ್ದ ಆ ದನಿಯಲ್ಲಿ. "ಅಂಗಡಿ ಮುಂದೆ ಕಟ್ಟು. ಬಿಳಿ ಬಣ್ಣಕ್ಕೆ ಒಳ್ಳೆ ಜಾಹೀರಾತು."

ಲಾಯದ ಆಳುಗಳು ಮುಖ ಆಚೆ ತಿರುಗಿಸಿ ನಕ್ಕರು. ತಮ್ಮನ ಕಿವಿ ಕೆಂಪಾಯಿತು. ಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಒಂದೇ ಮಾತು ಹೇಳಿದ. "ಹತ್ತು ಜನರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ. ಕೇಳಿಸ್ಕೋ. ಕುದುರೆ ಅಂತ ಒಂದು ಬಂದ್ರೆ ನೀನು ಈ ಮೆಟ್ಟಿಲು ಹತ್ತಬೇಡ."

ಅವನ ಹೆಂಡತಿ ಮೇಲಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಅವಳು ಬಾಯಿ ಬಿಡುತ್ತಿದ್ದದ್ದು ತರಕಾರಿಯವನ ಜೊತೆ ಮಾತ್ರ.

ಮರುದಿನ ಲಿಫ್ಟಕ್ಕ ಯಾರಿಗೂ ಹೇಳದೆ, ವ್ಯಾಪಾರಿಗೂ ತಿಳಿಸದೆ, ಒಬ್ಬಳೇ ಲಾಯಕ್ಕೆ ಹೋದಳು. ಹಾಲಿನಂಥ ಬಿಳಿ ಕುದುರೆ ಅಂಗಳದಲ್ಲಿ ಹಿಂಗಾಲಿನ ಮೇಲೆ ಎದ್ದು ನಿಂತಿತ್ತು. ಇಬ್ಬರು ಆಳುಗಳು ಹಗ್ಗ ಹಿಡಿದು ಜೋತಾಡುತ್ತಿದ್ದರು. ಒಬ್ಬನ ಟೋಪಿ ನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು. ಅವಳನ್ನು ಕಂಡು ವ್ಯಾಪಾರಿಯ ಮೀಸೆ ಇಳಿಯಿತು.

"ಅಮ್ಮ, ಹೇಳಿ ಬರೋದಲ್ವಾ?"

"ಹೇಳಿ ಬಂದಾಗ ಇದು ನಿದ್ದೆ ಮಾಡ್ತಿತ್ತಲ್ಲ. ಎಬ್ಬಿಸಿ ನೋಡೋಣ ಅಂತ ಬಂದೆ. ತಮ್ಮ ಕೊಟ್ಟ ಮುಂಗಡ ವಾಪಸ್ ಕೊಡಿ."

ಕೊಟ್ಟ. ಆ ಹೊತ್ತಿನಲ್ಲೇ ಅವಳ ಕಣ್ಣು ಅಂಗಳದ ಕೊನೆಯ ಕಟ್ಟೆಯ ಹತ್ತಿರ ಹೋಯಿತು. ಅಲ್ಲೊಂದು ಕಂದು ಹೆಣ್ಣು ಕುದುರೆ ಇಷ್ಟು ಗಲಾಟೆಗೂ ತಲೆ ಎತ್ತದೆ ಹುಲ್ಲು ಮೇಯುತ್ತಿತ್ತು. ಎತ್ತರವಿಲ್ಲ, ಗುಂಡು ಹೊಟ್ಟೆ, ದಪ್ಪ ಕಾಲು. ಚೆಂದವೇನೂ ಅಲ್ಲ.

"ಅದು?"

"ಅದನ್ನ ಬಿಡಿ ಅಮ್ಮ. ಎಲ್ಲಾ ಸರಿ, ಗಾಡಿ ಹತ್ತಲ್ಲ. ಸಾಗಿಸೋ ಪೆಟ್ಟಿಗೆ ಗಾಡಿ ಕಂಡ್ರೆ ನಾಲ್ಕು ಕಾಲೂ ನೆಲಕ್ಕೆ ಹೂತು ನಿಂತುಬಿಡುತ್ತೆ. ಹೊಡೆದರೂ ಇಲ್ಲ, ಬೆಲ್ಲ ತೋರಿಸಿದ್ರೂ ಇಲ್ಲ. ನಾಲ್ಕು ಜನ ಮಾತಾಡಿ ಹೋದ್ರು, ಒಬ್ಬರೂ ಒಯ್ಯೋಕಾಗ್ಲಿಲ್ಲ."

"ಪೆಟ್ಟಿಗೆಯೊಳಗೆ ಹೋಗಲ್ಲ ಅನ್ನೋದೊಂದೇ ತಪ್ಪಾ?"

"ಅದಕ್ಕಿಂತ ದೊಡ್ಡ ತಪ್ಪು ಇನ್ನೇನು ಬೇಕು?"

ಲಿಫ್ಟಕ್ಕ ಕುದುರೆಯ ಹತ್ತಿರ ಹೋದಳು. ಆಮೇಲೆ ಜೀನು ತರಿಸಿದಳು. ಮೊದಲು ವ್ಯಾಪಾರಿಯ ಆಳನ್ನೇ ಹತ್ತಿಸಿ, ಟೈರ್ ಅಂಗಡಿಗಳ ಬೀದಿಯಲ್ಲಿ ಲಾರಿಗಳ ಪಕ್ಕ ಓಡಿಸಿ ತೋರಿಸು ಎಂದಳು. ಲಾರಿ ಹಾರ್ನ್ ಹೊಡೆದಾಗ ಕುದುರೆ ಒಂದು ಕಿವಿ ತಿರುಗಿಸಿತು, ಅಷ್ಟೆ. ಬಂದ ಮೇಲೆ ನಾಲ್ಕು ಗೊರಸನ್ನೂ ಎತ್ತಿ ನೋಡಿದಳು, ಕಾಲುಗಳನ್ನು ಮೇಲಿಂದ ಕೆಳಗೆ ಸವರಿದಳು. ಕೊನೆಗೆ ತಾನೇ ಹತ್ತಿ ಅಂಗಳ ಸುತ್ತಿದಳು. ಕುದುರೆ ಅವಳ ಭಾರಕ್ಕೆ ಒಮ್ಮೆ ಉಸಿರು ಬಿಟ್ಟು, ಸರಿ ನಡಿ ಎಂಬಂತೆ ಹೆಜ್ಜೆ ಹಾಕಿತು. ಲಗಾಮು ಎಳೆದರೆ ನಿಂತಿತು, ಸಡಿಲಿಸಿದರೆ ಹೊರಟಿತು. ಒಂದು ಕಡೆ ಮಾತ್ರ ತನಗೆ ಬೇಕಾದ ತಿರುವು ತೆಗೆದುಕೊಂಡಿತು. ಲಿಫ್ಟಕ್ಕ ತಡೆಯಲಿಲ್ಲ.

ಆದರೂ ಆ ದಿನವೇ ಮಾತು ಕೊಡಲಿಲ್ಲ. ಚಾಟಿ ಮೇಡಂ ಕಳಿಸಿದ ಪಶುವೈದ್ಯೆ ಬಂದು ಹಲ್ಲು, ಕಣ್ಣು, ಎದೆ, ಕಾಲು ಎಲ್ಲ ನೋಡಿ, "ನಡು ವಯಸ್ಸು. ಊಟ ಸ್ವಲ್ಪ ಜಾಸ್ತಿಯಾಗಿದೆ. ಬೇರೇನೂ ಇಲ್ಲ," ಎಂದ ಮೇಲೆಯೇ ಕೈ ಕೊಟ್ಟಳು. ಈ ಸಲ ವ್ಯಾಪಾರಿ ಕುಲುಕಿದ್ದು ಅವಳ ಕೈಯನ್ನೇ.

ಮನೆಗೆ ಹೋಗಿ ಬಟ್ಟೆ ಕಟ್ಟಿದಳು. ಮುಂಗಡದ ದುಡ್ಡನ್ನು ತಮ್ಮನ ಮೇಜಿನ ಮೇಲಿಟ್ಟಳು. ಸವಾರಿ ಶಾಲೆಯಲ್ಲಿ, ಜೀನು ಲಗಾಮು ಇಡುವ ಕೋಣೆಯ ಮೇಲೆ ಒಂದು ಖಾಲಿ ಕೋಣೆಯಿತ್ತು. ಬಾಡಿಗೆಯ ಜೊತೆಗೆ ಬೆಳಿಗ್ಗೆ ಲಾಯ ಗುಡಿಸಬೇಕು ಎಂದಿದ್ದಳು ಚಾಟಿ ಮೇಡಂ. ಲಿಫ್ಟಕ್ಕ ಒಪ್ಪಿದ್ದಳು. ಮೆಟ್ಟಿಲು ಇಳಿಯುವಾಗ ತಮ್ಮ ತಡೆಯಬಹುದು ಎಂದು ಅವಳ ಮನಸ್ಸಿನ ಒಂದು ಮೂಲೆ ಕಾದಿತ್ತು. ಅವನು ಗಿರಾಕಿಗೆ ಬಣ್ಣ ಬೆರೆಸಿ ಕೊಡುತ್ತಿದ್ದ, ತಲೆ ಎತ್ತಲಿಲ್ಲ.

ಕುದುರೆ ಒಯ್ಯುವ ದಿನ ಚಾಟಿ ಮೇಡಂ ತನ್ನ ಪೆಟ್ಟಿಗೆ ಗಾಡಿ ತಂದಳು. "ಒಂದು ಸಲ ನೋಡೋಣ," ಎಂದು ಹಿಂಬಾಗಿಲು ಇಳಿಸಿ ಹುಲ್ಲು ಹಾಸಿದಳು. ಕುದುರೆ ಹಲಗೆಯ ತನಕ ಬಂತು, ಮೂಸಿತು, ನಾಲ್ಕು ಕಾಲೂ ಊರಿ ನಿಂತಿತು. ಹುಲ್ಲು, ಹಣ್ಣು, ಮುದ್ದು ಮಾತು, ಯಾವುದಕ್ಕೂ ಬಗ್ಗಲಿಲ್ಲ. ವ್ಯಾಪಾರಿಯ ಆಳುಗಳು ಹಿಂದಿನಿಂದ ಹಗ್ಗ ಸುತ್ತಲು ಬಂದರು. ಒಬ್ಬನ ಕೈಯಲ್ಲಿ ಕೋಲಿತ್ತು.

"ಕೋಲು ಕೆಳಗಿಡಪ್ಪ," ಎಂದಳು ಲಿಫ್ಟಕ್ಕ. "ನಾವು ನಡ್ಕೊಂಡು ಹೋಗ್ತೀವಿ."

"ಅಮ್ಮ, ಶಾಲೆ ಊರಿನ ಆ ತುದಿ. ಮಧ್ಯ ಪೇಟೆ ಇದೆ."

"ಇರ್ಲಿ. ಪೇಟೆ ನಂಗೂ ಗೊತ್ತು."

ಚಾಟಿ ಮೇಡಂ ಒಂದೇ ಷರತ್ತು ಹಾಕಿದಳು. "ಮೊದಲ ದಿನವೇ ಪೇಟೆಯಲ್ಲಿ ಹತ್ತಿ ಮೆರೆಯೋದು ಬೇಡ. ಹಗ್ಗ ಹಿಡಿದು ಪಕ್ಕದಲ್ಲಿ ನಡೀರಿ. ನಾನು ಗಾಡಿ ಹಿಂದೆ ತರ್ತೀನಿ."

ಹೀಗೆ ಹೊರಟಿತು ಆ ಮೆರವಣಿಗೆ. ಮುಂದೆ ದಪ್ಪ ಹೆಂಗಸು, ಪಕ್ಕದಲ್ಲಿ ದಪ್ಪ ಕುದುರೆ, ಹಿಂದೆ ಕುದುರೆಗಾಗಿಯೇ ತಂದ ಖಾಲಿ ಗಾಡಿ, ದೀಪ ಮಿನುಗಿಸುತ್ತಾ ಆಮೆಯಂತೆ. ಕ್ಷೌರದಂಗಡಿಯಿಂದ ಅರ್ಧ ಗಡ್ಡ ಹೆರೆಸಿಕೊಂಡವರು ಹೊರಗೆ ಬಂದರು. ಔಷಧದಂಗಡಿಯವನು ಕೌಂಟರಿನ ಮೇಲಿಂದ ಬಗ್ಗಿದ.

"ಲಿಫ್ಟಕ್ಕ, ಏನಿದು?"

"ಕುದುರೆ."

"ಯಾರದು?"

"ನಂದು."

"ಯಾತಕ್ಕೆ?"

"ನಿಂಗೆ ಯಾತಕ್ಕೆ?"

ಹೀಗೆ ಹೇಳುತ್ತಾ ಹೋದರೂ ಅವಳ ಅಂಗೈ ಬೆವರಿ ಹಗ್ಗ ಜಾರುತ್ತಿತ್ತು. ಇದು ಬೆದರಿ ಓಡಿದರೆ ತನ್ನ ಕೈಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೂ ಗೊತ್ತಿರಬೇಕು. ಓಡಲಿಲ್ಲ.

ಬಣ್ಣದ ಅಂಗಡಿ ಬಂದಾಗ ತಮ್ಮ ಹೊರಗೆ ಬಂದು ದಾರಿಗೆ ಅಡ್ಡ ನಿಂತ. ಸುತ್ತ ಜನ ಸೇರಿದ್ದರು. ಅವನು ದನಿ ತಗ್ಗಿಸಿ, "ಅಕ್ಕ, ಮರ್ಯಾದೆ ತೆಗೀಬೇಡ. ಹಿಂದಿನ ಬೀದಿಯಿಂದ ಹೋಗು," ಎಂದ.

"ಮೂವತ್ತು ವರ್ಷ ಆಸ್ಪತ್ರೆಗೆ ಹಿಂದಿನ ಬಾಗಿಲಿಂದಲೇ ಹೋಗಿ ಬಂದೆ. ಇವತ್ತು ಮುಂದಿನ ಬೀದೀಲಿ ಹೋಗ್ತೀನಿ."

"ಜನ ನಗ್ತಿದಾರೆ."

"ನಗ್ಲಿ. ನಿನ್ನನ್ನ ಶಾಲೆಗೆ ಕೈ ಹಿಡಿದು ಕರ್ಕೊಂಡು ಹೋಗಿದ್ದೂ ಇದೇ ಬೀದೀಲೇ. ನೀನು ದಾರಿಯುದ್ದಕ್ಕೂ ಅಳ್ತಿದ್ದೆ, ಅವತ್ತೂ ಜನ ನಗ್ತಿದ್ರು. ನಾನು ನಿನ್ನ ಹಿಂದಿನ ಬೀದೀಲಿ ಕರ್ಕೊಂಡು ಹೋದ್ನಾ?"

ಆ ಗಳಿಗೆಯಲ್ಲಿ ಕುದುರೆ ಕತ್ತು ಚಾಚಿ ತಮ್ಮನ ಇಸ್ತ್ರಿ ಮಾಡಿದ ಅಂಗಿಯನ್ನು ಮೂಸಿ, ಬಣ್ಣದ ಘಾಟಿಗೋ ಏನೋ, ಎದೆಯ ತುಂಬ ಸೀನಿತು. ಬೀದಿ ಬಿದ್ದು ಬಿದ್ದು ನಕ್ಕಿತು. ಲಿಫ್ಟಕ್ಕ ನಗಲಿಲ್ಲ. ತನ್ನ ಸೆರಗಿನಿಂದ ಒರೆಸಲು ಕೈ ಎತ್ತಿದಳು. ಅವನು ಆ ಕೈಯನ್ನು ತಳ್ಳಿ, "ಇಲ್ಲಿಗೆ ಮುಗೀತು," ಎಂದು ಒಳಗೆ ಹೋಗಿ ಷಟರ್ ಎಳೆದುಬಿಟ್ಟ. ಆ ಸದ್ದಿಗೆ ಕುದುರೆ ಬೆಚ್ಚಿತು. ಅಕ್ಕನೂ ಬೆಚ್ಚಿದಳು. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

ಆಗ ಪಕ್ಕದ ಬಾಗಿಲು ತೆರೆಯಿತು. ತಮ್ಮನ ಹೆಂಡತಿ ಒಂದು ಬಕೆಟ್ ನೀರು ಹೊತ್ತುಕೊಂಡು, ಅರ್ಧ ತನ್ನ ಕಾಲ ಮೇಲೇ ಚೆಲ್ಲಿಕೊಳ್ಳುತ್ತಾ ಬಂದಳು. ಯಾರ ಮುಖವನ್ನೂ ನೋಡದೆ ಕುದುರೆಯ ಮುಂದೆ ಇಟ್ಟಳು.

"ಕುಡಿಯುತ್ತಾ ಅಕ್ಕ?"

ಕುದುರೆ ಕುಡಿಯಿತು. ಷಟರಿನ ಒಳಗಿನಿಂದ ಗಂಡ ಕೂಗಿದ. ಅವಳು "ಬಂದೆ" ಎಂದಳು. ಎಂದವಳು ನಿಂತೇ ಇದ್ದಳು. ಬೆರಳ ತುದಿಯಿಂದ ಕುದುರೆಯ ಹಣೆ ಮುಟ್ಟಿ, "ಬೆಚ್ಚಗಿದೆ!" ಎಂದು ಆಶ್ಚರ್ಯಪಟ್ಟಳು. ಗಂಡ ಇನ್ನೊಮ್ಮೆ ಕೂಗಿದ. ಬಕೆಟ್ ಪೂರ್ತಿ ಖಾಲಿಯಾದ ಮೇಲೆಯೇ ಅವಳು ಒಳಗೆ ಹೋದದ್ದು.

ಸೇತುವೆಯ ಬಾಯಲ್ಲಿ ಕುದುರೆ ನಿಂತಿತು. ಕೆಳಗೆ ನೀರು, ಕಾಲಡಿಗೆ ಕಬ್ಬಿಣದ ಹಲಗೆ. ಹಲಗೆಯ ಮೇಲೆ ಒಂದು ಗೊರಸು ಇಟ್ಟು, ಅದರ ಸದ್ದು ಹಿಡಿಸದೆ ಹಿಂದಕ್ಕೆ ತೆಗೆಯಿತು. ಹಿಂದೆ ಬಸ್ಸು ಬಂತು, ಬಸ್ಸಿನ ಹಿಂದೆ ಇನ್ನೊಂದು. ಚಾಲಕ ಕಿಟಕಿಯಿಂದ ಅರಚಿದ.

"ಎಳೀರಿ ಅದನ್ನ!"

"ಎಳೆಯಲ್ಲ."

"ಹಾಗಾದ್ರೆ ಇಲ್ಲೇ ಸಂಸಾರ ಹೂಡ್ತೀರಾ?"

"ಅದು ಹೊರಟಾಗ ಹೊರಡ್ತೀವಿ. ನಿಮಗೆ ಅವಸರ ಇದ್ರೆ ಈಜಿ."

ಬಸ್ಸಿನಲ್ಲಿದ್ದವರು ಕೆಲವರು ಇಳಿದು ಬಂದರು. ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಕಣ್ಣು ಕಟ್ಟಿ ಎಂದವನೊಬ್ಬ, ಬಾಲ ತಿರುಚಿ ಎಂದವನೊಬ್ಬ. ಬಾಲ ತಿರುಚು ಎಂದವನಿಗೆ ಲಿಫ್ಟಕ್ಕ, "ಬನ್ನಿ, ನೀವೇ ತಿರುಚಿ. ಆಸ್ಪತ್ರೆ ಎದುರಿಗೇ ಇದೆ," ಎಂದು ಜಾಗ ಬಿಟ್ಟುಕೊಟ್ಟಳು. ಅವನು ಬಸ್ಸಿನೊಳಗೆ ಹೋಗಿ ಕೂತ. ಅವಳು ಕುದುರೆಯ ಕತ್ತಿಗೆ ಭುಜ ಆನಿಸಿ ಸುಮ್ಮನೆ ನಿಂತಳು. ಹೆದರಿಕೆ ಇಬ್ಬರಿಗೂ ಇತ್ತು.

ಕೊನೆಗೆ ಚಾಟಿ ಮೇಡಂ ಪಕ್ಕದಿಂದ ಗಾಡಿ ನುಸುಳಿಸಿ ಮುಂದೆ ತಂದು, ಸೇತುವೆಯ ಮೇಲೆ ಮೆಲ್ಲಗೆ ಹೊರಟಳು. ಕುದುರೆ ಆ ಖಾಲಿ ಪೆಟ್ಟಿಗೆ ದೂರ ಹೋಗುವುದನ್ನು ಕಿವಿ ನಿಮಿರಿಸಿ ನೋಡಿತು. ಒಳಗೆ ಹೋಗುವುದಿಲ್ಲ, ಆದರೆ ಅದು ತನ್ನನ್ನು ಬಿಟ್ಟು ಹೋಗುವುದೂ ಸರಿಯಲ್ಲ ಎನ್ನಿಸಿತೋ ಏನೋ, ಟಣ್ ಟಣ್ ಎಂದು ಹಲಗೆ ಮೆಟ್ಟಿ ಹಿಂದೆಯೇ ನಡೆಯಿತು. ಲಿಫ್ಟಕ್ಕ ಹಗ್ಗ ಹಿಡಿದು ಪಕ್ಕದಲ್ಲಿ ಓಡಬೇಕಾಯಿತು.

ಆಮೇಲಿನ ದಿನಗಳು ಹೂವಿನ ಹಾಸಿಗೆಯಾಗೇನೂ ಇರಲಿಲ್ಲ. ಲಾಯ ಗುಡಿಸಿ ಬೆನ್ನು ಹಿಡಿದುಕೊಂಡಿತು. ಕುದುರೆ ಒಮ್ಮೆ ಅವಳ ಕಾಲ್ಬೆರಳು ತುಳಿದು ಉಗುರು ಕಪ್ಪು ಮಾಡಿತು. ಒಮ್ಮೆ ಬೇಲಿಯ ಹತ್ತಿರ ಹಕ್ಕಿ ಹಾರಿದ್ದಕ್ಕೆ ಪಕ್ಕಕ್ಕೆ ಜಿಗಿದು ಅವಳನ್ನು ಸಗಣಿ ಗುಡ್ಡೆಯ ಮೇಲೆ ಇಳಿಸಿತು. ಎದ್ದು, ಕೊಡವಿಕೊಂಡು, ಬೈದು, ಮತ್ತೆ ಹತ್ತಿದಳು. ತಮ್ಮ ಬರಲಿಲ್ಲ, ಯಾರ ಮೂಲಕವೂ ಹೇಳಿ ಕಳಿಸಲಿಲ್ಲ. ಅಂಗಡಿಯ ಮುಂದೆ ಅವಳು ಹಾದುಹೋದರೆ ಅವನಿಗೆ ಡಬ್ಬ ಜೋಡಿಸುವ ಕೆಲಸ ಬರುತ್ತಿತ್ತು. ಅದು ಅವಳಿಗೆ ನೋಯುತ್ತಿತ್ತು. ನೋಯುತ್ತಿದ್ದರೂ ಆ ಬೀದಿ ಬಿಟ್ಟು ಬೇರೆ ಬೀದಿ ಹಿಡಿಯಲಿಲ್ಲ.

ಬಂದವಳು ಅವನ ಹೆಂಡತಿ. ಅಂಗಡಿಗೆ ಮಾಲು ತರಲು ಗಂಡ ಪರವೂರಿಗೆ ಹೋದ ಒಂದು ದಿನ, ಚೀಲದಲ್ಲಿ ತರಕಾರಿ ಸಿಪ್ಪೆ ತುಂಬಿಕೊಂಡು, "ಸುಮ್ಮನೆ ಎಸೆಯೋದ್ಯಾಕೆ ಅಂತ," ಎನ್ನುತ್ತಾ ಬಂದಳು. ಮುಂದಿನ ಸಲ ಸಿಪ್ಪೆಯ ಜೊತೆಗೆ ಇಡೀ ಗಜ್ಜರಿಗಳೂ ಇದ್ದವು. ಅದರ ಮುಂದಿನ ಸಲ ಕುದುರೆಗೆ ಬ್ರಷ್ ಹಾಕಲು ಕಲಿತಳು. ಆಮೇಲೊಂದು ದಿನ ಲಿಫ್ಟಕ್ಕ ಕೇಳದೆಯೇ ಅವಳನ್ನು ಸೊಂಟ ಹಿಡಿದು ಎತ್ತಿ ಜೀನಿನ ಮೇಲೆ ಕೂರಿಸಿದಳು. ಅವಳು ಎರಡೂ ಕೈಯಲ್ಲಿ ಕುದುರೆಯ ಕತ್ತಿನ ಕೂದಲು ಹಿಡಿದು, ಕಣ್ಣು ಮುಚ್ಚಿ, ತರಕಾರಿಯವನ ಜೊತೆ ಜಗಳವಾಡುವ ದನಿಯಲ್ಲಿ ಕಿರುಚಿದಳು. ಬಯಲಿನ ಆ ತುದಿ ಮುಟ್ಟುವಷ್ಟರಲ್ಲಿ ಕಿರುಚಾಟ ನಿಂತು ಕಣ್ಣು ತೆರೆದಿತ್ತು.

"ಇಳಿಸ್ಲಾ?" ಎಂದಳು ಲಿಫ್ಟಕ್ಕ.

"ಯಾಕೆ? ನಿಮಗೇನು ಅವಸರ?"

ಆ ದಿನ ಮನೆ ತಲುಪುವಾಗ ಗಂಡ ಮೊದಲೇ ಬಂದು ಕೂತಿದ್ದನಂತೆ. ಊಟಕ್ಕೆ ಬಡಿಸುವಾಗ ಮೂಗು ಅರಳಿಸಿ, "ಏನೋ ವಾಸನೆ ಬರ್ತಿದೆ ನಿನ್ನ ಹತ್ರ," ಎಂದನಂತೆ.

"ಕುದುರೇದು," ಎಂದು ಅವಳು ಬಡಿಸುವುದನ್ನು ಮುಂದುವರಿಸಿದಳಂತೆ.